ಭಾಗವತ ಯಾರಾಗ್ತೀರಿ ಅಂದಾಗ ಎಲ್ಲರೂ ಮೊಬೈಲ್ ನೋಡಿದರೆ

ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯನೊಬ್ಬನ ಮನೆ ಮಹಡಿ ಮೇಲೆ ಭಾನುವಾರ ಸಂಜೆ ಐದು ಜನ ಸೇರಿ ರೋಲ್‌ಪ್ಲೇಯಿಂಗ್ ಆಟ ಆಡುತ್ತಿದ್ದೆವು. ಒಬ್ಬರು ಕಥೆ ನಡೆಸೋದು, ಉಳಿದವರು ಒಂದೊಂದು ಪಾತ್ರ ಹಿಡಿದು 'ನಾನು ಹೀಗೆ ಮಾಡ್ತೀನಿ' ಅನ್ನೋದು, ಆಗುತ್ತೋ ಇಲ್ಲವೋ ಅನ್ನೋ ಕಡೆ ದಾಳ ಹಾಕೋದು. ನಡೆಸುವವರಿಗೆ ಗೇಮ್ ಮಾಸ್ಟರ್ ಅಂತಾರೆ, ನಾವು ಭಾಗವತ ಅಂತೀವಿ. ದೊಡ್ಡಾಟದಲ್ಲಿ ಪಾತ್ರಗಳನ್ನು ಕುಣಿಸೋದು ಅವನೇ ಅಲ್ವಾ? ನಮ್ಮ ಭಾಗವತನಿಗೆ ಹುಬ್ಬಳ್ಳಿಗೆ ವರ್ಗ ಆಯ್ತು, ಆಟ ನಿಂತಿತು. ಆಡೋಕೆ ನಾಲ್ವರೂ ರೆಡಿ. ನಡೆಸೋಕೆ ಒಬ್ಬರೂ ಇಲ್ಲ.

ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ, ಪುಸ್ತಕದ ಭಯ. ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರಲ್ಲಿ ಬಂದ ಐದನೇ ಆವೃತ್ತಿ. 1974ರಲ್ಲಿ ಈ ಆಟ ಮೊದಲು ಬಂದಾಗ ಒಂದು ಡಬ್ಬಿಯಲ್ಲಿ ಮೂರು ತೆಳು ಪುಸ್ತಕ ಇದ್ದವು. ಐದನೇ ಆವೃತ್ತಿಗೂ ಮುಖ್ಯ ಪುಸ್ತಕ ಮೂರೇ, ಆದರೆ ಒಂದೊಂದೂ 300 ಪುಟ ದಾಟುತ್ತೆ. ಆಡುವವರಿಗೆ ತಮ್ಮ ಪಾತ್ರದ ಹಾಳೆ ಗೊತ್ತಿದ್ದರೆ ಸಾಕು. ನಡೆಸುವವರಿಗೆ ಎಲ್ಲರ ಹಾಳೆಯೂ ಗೊತ್ತಿರಬೇಕು, ರಾಕ್ಷಸರದ್ದೂ ಗೊತ್ತಿರಬೇಕು. ಒಂದು ವಾರ ಧೈರ್ಯ ಮಾಡಿ ನಾನೇ ಕೂತೆ. ಒಬ್ಬ 'ಕಳ್ಳನ್ನ ಹಿಡಿದು ಅಮುಕ್ತೀನಿ' ಅಂದ. ಅದಕ್ಕೆ ಬೇರೆಯದೇ ನಿಯಮ ಇದೆ. ನಾನು ಪುಟ ತಿರುವಿ ಹುಡುಕುವಷ್ಟರಲ್ಲಿ ಮಿರ್ಚಿ ತಣ್ಣಗಾಗಿ, ಮಂಡಕ್ಕಿ ಮೆತ್ತಗಾಗಿ, ಆ ಕಳ್ಳನೂ ಯಾರಿಗೂ ಬೇಡವಾಗಿದ್ದ.

ಹಾಗಂತ ನಿಯಮ ಕಮ್ಮಿ ಮಾಡಿದರೆ ಸಾಕು ಅಂದುಕೊಳ್ಳಬೇಡಿ, ನಾವು ಆ ತಪ್ಪನ್ನೂ ಮಾಡಿದ್ದೇವೆ. ಒಂದೇ ಪುಟದ ಆಟವೊಂದನ್ನು ತಂದು ಗುಂಪಿನಲ್ಲಿ ಎಲ್ಲರಿಗಿಂತ ಮಾತುಗಾರನಾದ ಗೆಳೆಯನ ಕೈಗೆ ಕೊಟ್ಟು 'ಸುಮ್ನೆ ಏನಾದರೂ ಕಲ್ಪಿಸಿಕೊಂಡು ಹೇಳು' ಅಂದೆವು. ದಾಳ ಸೋತಿತು. ಎಲ್ಲರೂ ಅವನ ಮುಖ ನೋಡಿದರು. 'ಏನೂ ಆಗಲ್ಲ' ಅಂದ. ಮುಂದಿನ ಸಲವೂ ಏನೂ ಆಗಲಿಲ್ಲ. ಅರ್ಧ ಗಂಟೆಗೆ ಬೆವರು ಒರೆಸಿಕೊಂಡು ಎದ್ದ. ದಪ್ಪ ಪುಸ್ತಕ ನೆನಪಿಗೆ ಭಾರ, ಖಾಲಿ ಪುಟ ನಾಲಿಗೆಗೆ ಭಾರ. ಹೊಸಬರಿಗೆ ಬೇಕಿರೋದು ದಾಳ ಬಿದ್ದ ಮೇಲೆ ಬಾಯಿಗೆ ಒಂದು ಮಾತು ಕೊಡೋ ನಿಯಮ.

ಅಂಥದ್ದು ಇದೆ. 2010ರಲ್ಲಿ ಬಂದ ಅಪೋಕಲಿಪ್ಸ್ ವರ್ಲ್ಡ್ ಅನ್ನೋ ಆಟದಲ್ಲಿ ನಡೆಸುವವರು ದಾಳ ಹಾಕೋದೇ ಇಲ್ಲ. ಆಡುವವರು ಎರಡು ಮಾಮೂಲಿ ದಾಳ ಹಾಕಿ ಕೂಡಿಸುತ್ತಾರೆ. 10 ಅಥವಾ ಜಾಸ್ತಿ ಬಂದರೆ ಕೆಲಸ ಆಯ್ತು. 7ರಿಂದ 9 ಬಂದರೆ ಆಯ್ತು, ಆದರೆ ಏನೋ ಒಂದು ಕಷ್ಟ ಜೊತೆಗೆ ಬಂತು. 6 ಅಥವಾ ಕಮ್ಮಿ ಅಂದರೆ ಕೆಟ್ಟಿತು. ಲೂಡೋ ಡಬ್ಬಿಯ ದಾಳ ಸಾಕು. ಒಟ್ಟು 36 ಬಗೆಯಲ್ಲಿ ಬೀಳಬಹುದಲ್ವಾ, ಅದರಲ್ಲಿ 15 ಕೆಡುತ್ತೆ, ಇನ್ನು 15 'ಆದರೆ' ಕಡೆ, ಪೂರ್ತಿ ಗೆಲುವು 6 ಮಾತ್ರ. ಇದು ಸ್ವಲ್ಪ ಕಟು ಆಯ್ತು. ಹಾಗಾಗಿ ಪಾತ್ರಕ್ಕೆ ಕೈ ಪಳಗಿದ ಕೆಲಸ ಆಗಿದ್ದರೆ 1 ಕೂಡಿಸಿ. ಆಗ ಕೆಡೋದು 10, 'ಆದರೆ' 16, ಗೆಲುವು 10. ಆ ಹದಿನಾರರಲ್ಲೇ ಆಟ ಇರೋದು.

ಇನ್ನು ಕಥೆ. ಹೊಸದೊಂದು ಲೋಕ ಕಟ್ಟೋಕೆ ಹೋಗಬೇಡಿ, ನಕ್ಷೆ ಬಿಡಿಸೋದ್ರಲ್ಲೇ ಎರಡು ವಾರ ಹೋಗುತ್ತೆ. ನಾವು ಚಿತ್ರದುರ್ಗದ ಕೋಟೆ ಹಿಡಿದೆವು. ಸ್ಕೂಲ್ ಟ್ರಿಪ್‌ನಲ್ಲಿ ನಾಲ್ವರೂ ಹೋಗಿ ಬಂದವರೇ, ಏಳು ಸುತ್ತು, ಓಬವ್ವನ ಕಿಂಡಿ, ಅಕ್ಕ-ತಂಗಿ ಹೊಂಡ ಯಾರಿಗೂ ವಿವರಿಸಬೇಕಿಲ್ಲ. ಚೀಟಿಯಲ್ಲಿ ಮೂರೇ ಸಾಲು: ಬೆಳಗಾಗೋದ್ರೊಳಗೆ ಕೋಟೆಯೊಳಗೆ ಓಲೆ ಮುಟ್ಟಿಸಬೇಕು. ಕೆಳಗೆ ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿದೆ. ತಡವಾದರೆ ಓಲೆಗೆ ಬೆಲೆ ಇಲ್ಲ. ಅದರ ಕೆಳಗೆ ಆರು ಕಷ್ಟ: ಸದ್ದಾಯ್ತು, ಕೈಲಿದ್ದದ್ದು ಬಿತ್ತು, ಯಾರೋ ಬಂದರು, ಗಾಯ ಆಯ್ತು, ಹೊತ್ತು ಹೋಯ್ತು, ಇಬ್ಬರು ಬೇರೆಯಾದರು. ಏನೂ ಹೊಳೆಯದಿದ್ದರೆ ಒಂದು ದಾಳ ಹಾಕಿ ಅದರಲ್ಲಿ ಒಂದನ್ನು ಎತ್ತಿಕೊಳ್ಳಬಹುದು.

ನಡೆಸಿದ್ದು ಬಿ.ಕಾಂ. ಓದುತ್ತಿದ್ದ ಹುಡುಗಿ, ಗುಂಪಿನಲ್ಲಿ ಎಲ್ಲರಿಗಿಂತ ಕಮ್ಮಿ ಮಾತು ಅವಳದೇ. ಒಬ್ಬ 'ಬಂಡೆ ಹತ್ತುತ್ತೀನಿ' ಅಂದ. 8 ಬಿತ್ತು. ಅವಳು ಚೀಟಿ ನೋಡಿದಳು, ಒಂದು ಕ್ಷಣ ಸುಮ್ಮನಿದ್ದು ನಿಧಾನಕ್ಕೆ ಹೇಳಿದಳು, 'ಹತ್ತಿದೆ. ಆದ್ರೆ ಸೊಂಟದಲ್ಲಿದ್ದ ಓಲೆ ಇಲ್ಲ. ಕೆಳಗೆ ಕಾವಲಿನವನು ಬಗ್ಗಿ ಏನೋ ಎತ್ತಿಕೊಳ್ತಿದಾನೆ.' ನಾಲ್ಕು ಸೆಕೆಂಡ್ ಯಾರೂ ಮಿರ್ಚಿ ಮುಟ್ಟಲಿಲ್ಲ.

ಕೆಲವು ಸಣ್ಣ ವಿಷಯ. ಆಡುವವರು ಮೂವರಿದ್ದರೆ ಚೆಂದ, ನಾಲ್ವರು ಸರಿ, ಅದಕ್ಕಿಂತ ಜಾಸ್ತಿ ಬೇಡ. ಎರಡು ಗಂಟೆಗೆ ಮುಗಿಸಿ. ಆಟದ ಮಧ್ಯೆ ಯಾರೂ ಪುಸ್ತಕ ತೆರೆಯೋ ಹಾಗಿಲ್ಲ, ಭಾಗವತ ಹೇಳಿದ್ದೇ ಆ ಹೊತ್ತಿಗೆ ನಿಯಮ, ಜಗಳ ಏನಿದ್ದರೂ ಟೀ ಆದ ಮೇಲೆ. ನಿಯಮ ಬಾಯಿಪಾಠ ಇರೋ ಒಬ್ಬ ಎಲ್ಲಾ ಗುಂಪಿನಲ್ಲೂ ಇರುತ್ತಾನೆ (ನಮ್ಮಲ್ಲಿ ಅದು ನಾನೇ). ಅವನಿಗೆ ಮೊದಲೇ ಹೇಳಿಡಿ, ಕೇಳಿದರೆ ಮಾತ್ರ ಬಾಯಿ ಬಿಡು ಅಂತ. ಹೊಸಬರು ಓಡಿಹೋಗೋದು ಪುಸ್ತಕಕ್ಕಿಂತ ಜಾಸ್ತಿ ಇವನಿಂದಲೇ. ಏಳುವ ಮೊದಲೇ ಚೀಟಿ, ದಾಳ ಎರಡನ್ನೂ ಮುಂದಿನ ವಾರ ನಡೆಸುವವರ ಕೈಗೆ ಕೊಟ್ಟುಬಿಡಿ. ವಾಟ್ಸ್ಯಾಪ್‌ನಲ್ಲಿ ಕೇಳಿದರೆ ಎಲ್ಲರಿಗೂ ಮದುವೆ ಇರುತ್ತೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸೇ ಬೇಕು ಅನ್ನುವವರು ಉಚಿತವಾಗಿ ಸಿಗುವ ಬೇಸಿಕ್ ರೂಲ್ಸ್ ಇಳಿಸಿಕೊಳ್ಳಿ. ರೆಡಿ ಪಾತ್ರಗಳನ್ನು ಕೊಡಿ, ಒಂದನೇ ಲೆವೆಲ್‌ನಲ್ಲೇ ಇರಿ. ಇಪ್ಪತ್ತು ಮುಖದ ದಾಳದಲ್ಲಿ ಸುಲಭದ ಕೆಲಸ ಆಗೋಕೆ ಕನಿಷ್ಠ 10 ಬರಬೇಕು, ಮಧ್ಯಮದ್ದಕ್ಕೆ 15, ಕಷ್ಟದ್ದಕ್ಕೆ 20, ಈ ಮೂರು ಸಂಖ್ಯೆ ನೆನಪಿದ್ದರೆ ಮೊದಲ ಸಂಜೆ ದಾಟುತ್ತೆ. ಆಮೇಲೆ ವಾರಕ್ಕೊಂದು ನಿಯಮ ಸೇರಿಸುತ್ತಾ ಹೋಗಿ. ನಾವೂ ಈಗ ಹಾಗೇ ಮಾಡುತ್ತಿದ್ದೇವೆ, ನಾಲ್ವರೂ ಸರದಿ ಮೇಲೆ ನಡೆಸುತ್ತೇವೆ. ಹಿಡಿದು ಅಮುಕೋ ನಿಯಮ ಮಾತ್ರ ಇನ್ನೂ ಸೇರಿಸಿಲ್ಲ.