ಒಂದೇ ಹೇಂಟೆಯ ಹಿಂದೆ ಚಿಕ್ಕ ಮರಿ, ದೊಡ್ಡ ಮರಿ

ನಾಟಿ ಹೇಂಟೆ ಕಾವಿಗೆ ಕೂತಿದೆ. ಹನ್ನೆರಡು ಮೊಟ್ಟೆ ಇಟ್ಟಿರಿ, 21ನೇ ದಿನಕ್ಕೆ ಐದೇ ಮರಿ ಆದವು, ಉಳಿದವು ಕೆಟ್ಟವು. ಈಗ ಹೊರಗಿನಿಂದ ಒಂದಷ್ಟು ಮರಿ ತಂದು ಅದರ ಹಿಂದೆಯೇ ಬಿಟ್ಟರೆ ಸಾಕುತ್ತದಾ? ಸಾಕುತ್ತದೆ. ಆದರೆ ತಂದ ಮರಿಗೆ ಎಷ್ಟು ದಿನ ಆಗಿದೆ ಅನ್ನೋದು ಮುಖ್ಯ. ಹೇಂಟೆ ಒಪ್ಪುತ್ತದಾ ಅಂತ ಎಲ್ಲರೂ ಕೇಳುತ್ತಾರೆ, ಮರಿ ಒಪ್ಪುತ್ತದಾ ಅಂತ ಯಾರೂ ಕೇಳಲ್ಲ.

ಹುಟ್ಟಿದ ಮೊದಲ ಎರಡು ದಿನದಲ್ಲಿ ಯಾರ ದನಿ ಕೇಳುತ್ತದೋ, ಯಾರ ಹಿಂದೆ ಓಡಾಡುತ್ತದೋ ಅದನ್ನೇ ಮರಿ ತಾಯಿ ಅಂದುಕೊಳ್ಳುತ್ತದೆ. ಬಲ್ಬಿನ ಕೆಳಗೆ ಹತ್ತು ದಿನ ಬೆಳೆದ ಮರಿಗೆ ಹೇಂಟೆ ಅಂದರೆ ದೊಡ್ಡದೊಂದು ಹಕ್ಕಿ, ಅಷ್ಟೆ. ಅದು ಲೊಕ್ ಲೊಕ್ ಅಂತ ಕರೆದಷ್ಟೂ ಇದು ಮೂಲೆ ಸೇರುತ್ತದೆ. ಯಲಹಂಕದ ನಮ್ಮ ಹಿತ್ತಲಲ್ಲಿ ಒಂದು ಡಿಸೆಂಬರಿನಲ್ಲಿ ನಾನು ಅಂಥವೇ ನಾಲ್ಕು ಮರಿ ತಂದು ಎರಡು ದಿನದ ಮರಿಗಳ ಜೊತೆ ಬಿಟ್ಟೆ. ಹೇಂಟೆ ಕುಕ್ಕಲಿಲ್ಲ, ಸದ್ಯ ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ಮರಿ ಗೂಡಿನ ಬಾಗಿಲ ಹತ್ತಿರ ಚಳಿಗೆ ಸೆಟೆದು ಸತ್ತಿತ್ತು. ಎರಡೇ ಅಡಿ ದೂರದಲ್ಲಿ ಬೆಚ್ಚಗಿನ ರೆಕ್ಕೆ ಇತ್ತು, ಅದರಡಿ ಹೋಗಬೇಕು ಅಂತ ಅದಕ್ಕೆ ಗೊತ್ತೇ ಇರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಹಾಗಾಗಿ ತರೋದಾದರೆ ಒಂದು, ಎರಡು, ಜಾಸ್ತಿ ಅಂದರೆ ಮೂರು ದಿನದ ಮರಿ ತನ್ನಿ. ಹೇಂಟೆಯ ಸ್ವಂತ ಮರಿಗೂ ತಂದ ಮರಿಗೂ ನಾಲ್ಕು ದಿನದೊಳಗಿನ ಅಂತರ ಇರಲಿ. ಮಾರುವವರು ಹೇಳಿದ ವಯಸ್ಸನ್ನು ಸುಮ್ನೆ ನಂಬಬೇಡಿ, ಮರಿಯನ್ನು ಕೈಗೆ ತಗೊಂಡು ನೋಡಿ. ಮೊಟ್ಟೆ ಒಡೆಯೋಕೆ ಕೊಕ್ಕಿನ ತುದಿಯಲ್ಲಿ ಬಿಳಿ ಮುಳ್ಳಿನಂಥದ್ದು ಇರುತ್ತದೆ, ಕೆಲವೇ ದಿನದಲ್ಲಿ ಉದುರುತ್ತದೆ. ಅದು ಇನ್ನೂ ಇದ್ದರೆ ಎಳೆ ಮರಿ. ರೆಕ್ಕೆಯಲ್ಲಿ ಗರಿ ಚೆನ್ನಾಗಿ ಬಿಚ್ಚಿಕೊಂಡು ಬಾಲವೂ ಮೂಡಿದ್ದರೆ ತರಬೇಡಿ.

ಬಿಡೋದು ಮಾತ್ರ ರಾತ್ರಿಯೇ. ಕತ್ತಲಾಗಿ ಹೇಂಟೆ ತೂಕಡಿಸುವ ಹೊತ್ತಿಗೆ, ದೊಡ್ಡ ಲೈಟ್ ಹಾಕದೆ, ಮರಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಿಂದಿನಿಂದ ರೆಕ್ಕೆಯಡಿ ತಳ್ಳಿ, ಅದೇ ಕೈಯಲ್ಲಿ ಒಂದು ಕೆಟ್ಟ ಮೊಟ್ಟೆ ಹೊರಗೆ ತೆಗೆಯಿರಿ. ಮೊದಲು ಎರಡೇ ಮರಿ. ಕಾಲು ಗಂಟೆ ಅಲ್ಲೇ ಕೂತು ಕಿವಿಗೊಡಿ. ಚೀಂ ಚೀಂ ಅನ್ನೋದು ಮೆತ್ತಗಾಗಿ ನಿಂತರೆ ಉಳಿದವನ್ನೂ ಬಿಡಿ. ಬೆಳಕು ಹರಿಯುವ ಮುಂಚೆ ನೀವು ಅಲ್ಲಿರಲೇಬೇಕು, ಏಕೆಂದರೆ ಆಗಲೇ ಹೇಂಟೆ ಮರಿಗಳನ್ನು ಕಣ್ಣಿಟ್ಟು ನೋಡೋದು. ಒಂದೆರಡು ಸಲ ಮೆಲ್ಲಗೆ ಕುಕ್ಕಿದರೆ ಪರವಾಗಿಲ್ಲ. ಅಟ್ಟಿಸಿಕೊಂಡು ಹೋಗಿ ತಲೆಗೆ ಕುಕ್ಕಿದರೆ ತಕ್ಷಣ ಮರಿ ಎತ್ತಿಕೊಂಡು ಬಲ್ಬಿನಡಿ ಸಾಕಿ, ಹಠ ಬೇಡ.

ಒಂದು ನಾಟಿ ಹೇಂಟೆ ಹತ್ತು ಹನ್ನೆರಡು ಮರಿಯನ್ನು ಆರಾಮಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಬೆಂಗಳೂರಿನ ಚಳಿಗಾಲದಲ್ಲಿ ಎಂಟು ಸಾಕು. ರಾತ್ರಿ ರೆಕ್ಕೆಯಾಚೆ ಮರಿ ಉಳಿದಿದ್ದರೆ ಜಾಸ್ತಿ ಆಯಿತು ಅಂತಲೇ ಅರ್ಥ.

ಮೂರು ವಾರದ ದೊಡ್ಡ ಮರಿಗಳು ಮೊದಲೇ ಮನೆಯಲ್ಲಿ ಇದ್ದರೆ? ಒಂದೇ ಗೂಡಿಗೆ ಹಾಕಬೇಡಿ. ಅವು ಎಳೆಯವನ್ನು ತುಳಿಯುತ್ತವೆ, ಮೇವನ್ನೆಲ್ಲ ಮುಗಿಸುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ದೊಡ್ಡವು ನೋಡೋಕೆ ಚೆನ್ನಾಗಿಯೇ ಇದ್ದು ಹಿಕ್ಕೆಯಲ್ಲಿ ಆ ರೋಗ ಹರಡುತ್ತಿರಬಹುದು, ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿದ್ದರೆ ಅದರಲ್ಲಿ ಅದು ಬೇಗ ಬೆಳೆಯುತ್ತದೆ, ಎಳೆಯವು ತಡೆಯಲ್ಲ. ನಡುವೆ ಜಾಲರಿ ಕಟ್ಟಿ. ಒಬ್ಬರನ್ನೊಬ್ಬರು ನೋಡುತ್ತಾ ಬೆಳೆಯಲಿ. ಚಿಕ್ಕವಕ್ಕೆ ಪೂರ್ತಿ ಗರಿ ಬಂದು ಆರೇಳು ವಾರ ಆದ ಮೇಲೆ ಸಂಜೆ ಹೊತ್ತು ಒಂದಾಗಿ ಬಿಡಿ.

ಚೂರು ಹೆಚ್ಚುಕಡಿಮೆ ವಯಸ್ಸಿನವು ಜೊತೆಗಿದ್ದರೆ ಮೇವಿಗೆ ಒಂದು ಉಪಾಯ ಮಾಡಿ. ಮಂಕರಿಯನ್ನು ಬೋರಲು ಹಾಕಿ, ಸುತ್ತ ಇಟ್ಟಿಗೆ ಚೂರು ಕೊಟ್ಟು ಎಳೆ ಮರಿ ಮಾತ್ರ ನುಸುಳುವಷ್ಟು ಎತ್ತರಿಸಿ, ಒಳಗೆ ಮೇವಿಡಿ. ಹೇಂಟೆಗೂ ಮರಿಗಳಿಗೂ ಸ್ಟಾರ್ಟರ್ ಮೇವೇ, ಅಂದರೆ ಎಳೆ ಮರಿಗಳಿಗೆಂದು ಮಾಡಿದ ಮೇವೇ ಇರಲಿ. ಮೊಟ್ಟೆ ಕೋಳಿಯ ಲೇಯರ್ ಮೇವಿನಲ್ಲಿ ಸುಣ್ಣದಂಶ ಜಾಸ್ತಿ, ಮರಿಗಳ ಮೂತ್ರಪಿಂಡಕ್ಕೆ ಕೆಟ್ಟದ್ದು. ಅಕ್ಕಿ ನುಚ್ಚು ಒಂದೇ ಹಾಕಿದರೂ ಸಾಲದು. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿಡಿ, ಎಳೆಯವು ಮುಳುಗಲ್ಲ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬರದಂತೆ ಲಸೋಟ ಲಸಿಕೆ, ಐದರಿಂದ ಏಳು ದಿನದೊಳಗೆ ಕಣ್ಣಿಗೆ ಒಂದು ಹನಿ. ಮರಿಗಳ ದಿನ ಬೇರೆ ಬೇರೆ ಆದಾಗ ಯಾವುದಕ್ಕೆ ಹಾಕಿದ್ದು ಅನ್ನೋದು ಮರೆತುಹೋಗುತ್ತದೆ, ಕಾಲಿಗೆ ಬಣ್ಣದ ನೂಲು ಸಡಿಲವಾಗಿ ಕಟ್ಟಿ, ಮರಿ ಬೆಳೆದಂತೆ ಬಿಚ್ಚಿ ಕಟ್ಟುತ್ತಿರಿ.

ಈ ಗೊಂದಲ ಮುಂದಿನ ಸಲ ಬೇಡ ಅಂದರೆ ಮೊಟ್ಟೆ ಇಡುವಾಗಲೇ ನೋಡಿಕೊಳ್ಳಿ. ಒಂದು ವಾರದೊಳಗಿನ ಮೊಟ್ಟೆಗಳನ್ನು ತಂಪಾದ ಕಡೆ ಕೂಡಿಟ್ಟು ಎಲ್ಲವನ್ನೂ ಒಂದೇ ದಿನ ಇಡಿ, ಪೆನ್ಸಿಲ್ಲಲ್ಲಿ ಗುರುತು ಹಾಕಿ. ಬೇರೆ ಕೋಳಿ ಬಂದು ಅದೇ ಗೂಡಲ್ಲಿ ಮೊಟ್ಟೆ ಇಟ್ಟರೆ ಗುರುತಿಲ್ಲದ್ದನ್ನು ಅವತ್ತೇ ತೆಗೆಯಿರಿ. ಮೊದಲ ಮರಿಗಳು ಓಡಾಡೋಕೆ ಶುರು ಮಾಡಿದ ಒಂದೆರಡು ದಿನಕ್ಕೆ ಹೇಂಟೆ ಎದ್ದು ಹೋಗುತ್ತದೆ, ಹಿಂದೆ ಬಿದ್ದ ಮೊಟ್ಟೆಗಳಲ್ಲಿ ಜೀವ ಇದ್ದರೂ ತಣ್ಣಗಾಗಿ ಹೋಗುತ್ತವೆ.