ಸಕ್ಕರೆ ಅಚ್ಚು ಕೊನೆಗೂ ಮನೇಲೇ ಬೆಳ್ಳಗೆ ಬಂತು – ನನ್ನ ಅನುಭವ

ಸಕ್ಕರೆ ಅಚ್ಚಿಗೆ ಥರ್ಮಾಮೀಟರ್ ಹಿಡಿದಾಗ ನಮ್ಮತ್ತೆ "ಪಾಕ ಬೆರಳಿಗೆ ಗೊತ್ತಾಗ್ಬೇಕಮ್ಮ" ಅಂದಿದ್ರು, ಓರಗಿತ್ತಿ ಅಂತೂ ಗಾಂಧಿಬಜಾರಲ್ಲಿ ರಾಶಿ ಹಾಕಿ ಮಾರ್ತಾರೆ ನಿಂಗ್ಯಾಕೆ ಈ ಒದ್ದಾಟ ಅಂತ. ಈ ಸಂಕ್ರಾಂತಿಗೆ ಇಬ್ರೂ ಎಳ್ಳು ಬೀರಿದ್ದು ನಾನು ಮಾಡಿದ ಅಚ್ಚಲ್ಲೇ, ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು ಸೋಸೋದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಕಷ್ಟ ಶುರುವಾಗೋದು ಆಮೇಲೆ. ಮೊದಲು ಒಂದು ಆರೇಳು ಕೇಜಿ ಸಕ್ಕರೆ ದಂಡ ಆಯ್ತು. ನಿಂಬೆರಸ ಹಾಕಿದ್ರೆ ಬೆಳ್ಳಗಾಗತ್ತೆ ಅಂತ ಯಾರೋ ಹೇಳಿದ್ರು, ಹಾಕಿದ್ರೆ ಅಚ್ಚು ರಾತ್ರಿಯಾದ್ರೂ ಅಂಟಂಟು, ಬಿಡಿಸೋಕೆ ಹೋದ್ರೆ ಮೀನಿನ ಆಕಾರದ್ದರ ಬಾಲ ಮರದ ಅಚ್ಚಲ್ಲೇ ಉಳೀತು. ಜಿಲೇಬಿ ಪಾಕಕ್ಕೆ ನಿಂಬೆ ಹಿಂಡೋದೇ ಹರಳು ಕಟ್ಟದೇ ಇರ್ಲಿ ಅಂತ, ಅಚ್ಚಿಗೆ ಹರಳು ಕಟ್ಟಲೇಬೇಕು, ಹುಳಿ ಹತ್ರಾನೂ ಬರಬಾರದು.

ಇನ್ನು ಹದ. ಪಾಕ 115 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸ್ಬೇಕು ಅಂತಾರೆ ಎಲ್ಲರೂ, ಅಷ್ಟಕ್ಕೆ ಇಳಿಸಿದ್ರೆ ನಂದು ಸುರಿಯೋಕೆ ಮುಂಚೆ ಬಾಣಲೇಲೇ ಕಲ್ಲಾಗ್ತಿತ್ತು. ಒಂದಿನ ಬರೀ ನೀರು ಕುದಿಸಿ ನೋಡಿದೆ, ಥರ್ಮಾಮೀಟರ್ 97 ತೋರಿಸ್ತು. ಅದು ಕೆಟ್ಟಿರ್ಲಿಲ್ಲ, ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದೇ ಅಷ್ಟಕ್ಕೆ. ಹಂಗಾದ್ರೆ ಪಾಕಕ್ಕೂ ಮೂರು ಡಿಗ್ರಿ ಕಳೀಬೇಕಲ್ವಾ ಅಂತ 112ಕ್ಕೆ ಇಳಿಸಿದೆ, ಅವತ್ತಿಂದ ಒಂದೂ ಬಾಣಲೆ ಕೆಟ್ಟಿಲ್ಲ. ಮಂಗಳೂರಿನವರು ಕಳೆಯೋದು ಬೇಡ.

ಸೋಸಿಟ್ಟ ಪಾಕ ಒಂದೇ ಸಲಕ್ಕೆ ಕಾಯಿಸಬೇಡಿ, ಒಂದೂವರೆ ಸೌಟು ಅಷ್ಟೇ ಸಣ್ಣ ಬಾಣಲೆಗೆ. ಇಳಿಸಿದ ಮೇಲೆ ಸೌಟಿನ ಬೆನ್ನಲ್ಲಿ ಅಂಚಿಗೆ ಉಜ್ಜುತಾ ಬನ್ನಿ, ಮೊದಲು ಅಂಚಲ್ಲಿ ಮಬ್ಬಾಗತ್ತೆ, ಆಮೇಲೆ ಪೂರ್ತಿ ಹಾಲಿನ ಬಣ್ಣಕ್ಕೆ ತಿರುಗತ್ತೆ, ಕೈಗೆ ಸ್ವಲ್ಪ ಭಾರ ಅನ್ಸತ್ತೆ, ಆ ಕ್ಷಣ ಸುರೀಬೇಕು, ಫೋನ್ ಬಂದ್ರೂ ಎತ್ತಬೇಡಿ. ಮರದ ಅಚ್ಚು ರಾತ್ರಿಯೆಲ್ಲಾ ನೀರಲ್ಲಿ ನೆನೆದು, ಒರೆಸಿ, ಜೋಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ರೆಡಿ ಇರ್ಬೇಕು. ಹರಳು ನುಣ್ಣಗೆ ಬರೋಕೆ ನಾನು ಹಳೇ ಒಡೆದ ಅಚ್ಚಿನ ಪುಡಿ ಒಂದು ಚಿಟಿಕೆ ಹಾಕ್ತೀನಿ, ಯಾವ ಹೊತ್ತಲ್ಲಿ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ.

ದುಡ್ಡಿನ ಲೆಕ್ಕ ಕೇಳ್ತೀರಾ, ಮರದ ಅಚ್ಚು ಜೋಡಿಗೆ ಇನ್ನೂರೈವತ್ತರ ಹಾಗೆ ಹತ್ತು ಜೋಡಿ, ಥರ್ಮಾಮೀಟರ್ ಆರುನೂರು ಚಿಲ್ಲರೆ. ಸಕ್ಕರೆ ಕೇಜಿಗೆ ನಲವತ್ತೈದು. ಅಪಾರ್ಟ್‌ಮೆಂಟಲ್ಲಿ ಕೇಜಿಗೆ ನಾನೂರರಂತೆ ಹತ್ತು ಹನ್ನೆರಡು ಕೇಜಿ ಕೊಟ್ಟೆ, ಹಾಳಾದ ಸಕ್ಕರೆ ಸೇರಿಸಿದ್ರೂ ಹಾಕಿದ್ದು ವಾಪಸ್ ಬಂತು. ಮುಂದಿನ ವರ್ಷಕ್ಕೆ ಈಗ್ಲೇ ಆರ್ಡರ್ ಇದೆ.

ಸಿಲಿಕೋನ್ ಅಚ್ಚೂ ತಂದು ನೋಡಿದೆ, ಬಿಡಿಸೋದು ಸುಲಭ ಆದ್ರೆ ಗೋಪುರದ ಗೆರೆ, ಗಿಳಿ ಕಣ್ಣು ಯಾವುದೂ ಮರದಷ್ಟು ಚೂಪಾಗಿ ಮೂಡಲ್ಲ. ಬೀಟ್ರೂಟ್ ರಸದ ಬಣ್ಣ ಎರಡೇ ದಿನಕ್ಕೆ ಮಂಕಾಯ್ತು. ಬರೀ ಬೆಲ್ಲದಲ್ಲಿ ಅಚ್ಚು ನಿಲ್ಲಲೇ ಇಲ್ಲ, ಮೂರು ಪಾಲು ಸಕ್ಕರೆಗೆ ಒಂದು ಪಾಲು ಬೆಲ್ಲ ಹಾಕಿದಾಗ ಬೃಂದಾವನ ನಿಂತ್ಕೊಂತು, ಹಂಸದ ಕತ್ತು ಮಾತ್ರ ಇನ್ನೂ ಮುರೀತಿದೆ. ಬೆಲ್ಲ ಸೇರಿಸಿದ ಪಾಕದ ಹದ ಬೇರೆ ಇರ್ಬೇಕು, ಈಗ 114ಕ್ಕೆ ನೋಡ್ತಿದೀನಿ.