ಹೆಸರನ್ನು ಕೊನೆಗೆ ತಳ್ಳಿದ ಮೇಲೆ ಕಾಲಂ ನೆಟ್ಟಗಾಯಿತು

ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಟೆಂಡರ್ ಮುಗಿದ ಮೇಲೆ ಲಾಟ್ ನಂಬರ್, ಬೆಳೆಗಾರರ ಹೆಸರು, ಬಗೆ, ಚೀಲ, ತೂಕ, ದರ ಎಲ್ಲವೂ ಪೈಪ್ ಗೆರೆಯ (|) ನಡುವೆ ತುರುಕಿದ ಟೆಕ್ಸ್ಟ್ ಫೈಲ್ ಕೈಗೆ ಬರುತ್ತದೆ. ಸಂಜೆಯೊಳಗೆ ಅದು ಗೋಡೆಗೆ ಅಂಟಿಸುವ ಪಟ್ಟಿಯಾಗಬೇಕು. ಇದಕ್ಕೆ ಸಾಫ್ಟ್‌ವೇರ್ ಪ್ಯಾಕೇಜ್ ಮಾರುವವರು ನಲವತ್ತು ಸಾವಿರದ ಹತ್ತಿರ ಹೇಳಿದ್ದರು, ಯಜಮಾನರು ಮುಖ ತಿರುಗಿಸಿದರು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಮಾಡುತ್ತೇನೆ ಎಂದೆ. “ಮಾಣಿ, ಎಕ್ಸೆಲ್ ಇರುವಾಗ ಆ ಹಳೆಯ ಭಾಷೆ ಯಾಕೆ?” ಎಂದು ಪಕ್ಕದ ಮೇಜಿನ ಹಿರಿಯರು ನಕ್ಕರು. ಎಕ್ಸೆಲ್‌ನಲ್ಲಿ ಅವರಿಗೇ ದಿನಾ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಸಾಲನ್ನು ಗೆರೆ ಇದ್ದಲ್ಲಿ ಸ್ಪ್ಲಿಟ್ ಮಾಡಿ, ಇಷ್ಟಗಲ ಎಂದು ಹೇಳಿ ಜೋಡಿಸುವ ಎಸ್‌ಪ್ರಿಂಟ್‌ಎಫ್‌ನಲ್ಲಿ ಬಗೆಗೆ ಹನ್ನೆರಡು ಜಾಗ ಕೊಟ್ಟೆ. ಅಡಿಕೆಯ ಬಗೆಗಳಲ್ಲಿ ರಾಶಿ, ಚಾಲಿ ಸರಿಯಾಗಿ ಕುಳಿತವು. ಬೆಟ್ಟೆ ಬಂದ ಸಾಲು ಬಲಕ್ಕೆ ಜಾರಿತು. ಕಂಪ್ಯೂಟರ್ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್, ಪರ್ಲ್ ಎಣಿಸುತ್ತಿದ್ದದ್ದು ಆ ಬೈಟ್‌ಗಳನ್ನೇ: ರಾಶಿಗೆ 12, ಬೆಟ್ಟೆಗೆ 18. ಡಿಕೋಡ್ ಮಾಡಿ, ಅಂದರೆ ಬೈಟ್‌ಗಳನ್ನು ಮತ್ತೆ ಗುರುತುಗಳಾಗಿಸಿ ಎಣಿಸಿದರೆ 4 ಮತ್ತು 6. ಗುರುತುಗಳನ್ನು ಗುಂಪಾಗಿ ಹಿಡಿಯುವ ಬ್ಯಾಕ್‌ಸ್ಲ್ಯಾಶ್ ಎಕ್ಸ್ (\X) ಹಾಕಿ ಎಣಿಸಿದರೆ 2 ಮತ್ತು 3. ಕಣ್ಣಿಗೆ ಎರಡೂ ಎರಡೇ ಅಕ್ಷರ! ಲೆಕ್ಕ ಎಷ್ಟು ಸರಿ ಮಾಡಿದರೂ ಫಾಂಟ್‌ನಲ್ಲಿ ‘ರಾ’ ಒಂದಗಲ, ‘ಟ್ಟೆ’ ಇನ್ನೊಂದಗಲ. ಇದರ ಹಿಂದೆ ಬಿದ್ದು ಮಳೆಗಾಲದ ಮೂರು ವಾರ, ಒಂದೂವರೆ ರಿಮ್ ಕಾಗದ ಕಳೆದೆ. ಜಾರಿದ ಸಾಲೊಂದರಲ್ಲಿ ಮೇಲಿನವರ ದರವನ್ನು ಕೆಳಗಿನವರಿಗೆ ಓದಿ ಹೇಳಿ, ಸುಮಾರು ಸಾವಿರದ ಎಂಟುನೂರು ರೂಪಾಯಿ ನನ್ನ ಜೇಬಿನಿಂದಲೇ ತೆತ್ತೆ.

ಆಮೇಲೆ ಹೊಳೆದದ್ದು ಇಷ್ಟೇ: ಕನ್ನಡವನ್ನು ಅಳೆಯಲೇಬೇಡ. ಅಂಕಿಗಳೆಲ್ಲ ಎಡಕ್ಕೆ, ಬೆಳೆಗಾರರ ಹೆಸರು ಸಾಲಿನ ಕೊನೆಗೆ. ಅದರ ಬಲಕ್ಕೆ ಏನೂ ಇಲ್ಲದ ಮೇಲೆ ಎಷ್ಟು ಅಗಲವಾದರೇನು? ಬಗೆಗೆ ಕಾಲಮ್ಮೇ ಇಲ್ಲ. ರಾಶಿ, ಚಾಲಿ, ಕೆಂಪುಗೋಟು ಎಂದು ತಲೆಬರಹ ಕೊಟ್ಟು ಅದರ ಕೆಳಗೆ ಸಾಲುಗಳು. “ಹೆಸರು ಮೊದಲು ಬರುವುದು ಪದ್ಧತಿ” ಎಂದು ಯಜಮಾನರು ಒಪ್ಪಲಿಲ್ಲ. ಆದರೆ ಪಟ್ಟಿಯ ಮುಂದೆ ನಿಂತವರ ಕೈಯಲ್ಲಿ ಇರುವುದು ಲಾಟ್ ಚೀಟಿ. ಮೊದಲ ದಿನವೇ ಎಲ್ಲರೂ ನಂಬರ್ ಹಿಡಿದೇ ಹುಡುಕಿದರು.

ಮೊತ್ತದ ಸಾಲಿಗೆ ಎಸ್‌ಪ್ರಿಂಟ್‌ಎಫ್ ಬಿಟ್ಟು ಪರ್ಲ್‌ನ ಹಳೆಯ ಫಾರ್ಮ್ಯಾಟನ್ನೇ ಬಳಸಿದೆ. ಅದರಲ್ಲಿ @ ಮತ್ತು # ಒಂದೊಂದೂ ಒಂದು ಅಂಕಿಯ ಮನೆ. @#####.## ಎಂದು ಬರೆದಿಟ್ಟದ್ದು ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ವಹಿವಾಟು ಹತ್ತು ಲಕ್ಷ ದಾಟಿತು. ಆರು ಮನೆಯಲ್ಲಿ ಏಳು ಅಂಕಿ ಹಿಡಿಯದೆ ಉದ್ದಕ್ಕೂ ######### ಬಂತು. ನಾನೇ ಏನೋ ಮುಚ್ಚಿಡುತ್ತಿದ್ದೇನೆ ಎಂದು ಯಜಮಾನರಿಗೆ ಅನುಮಾನ. ಇನ್ನೆರಡು # ಸೇರಿಸಿದೆ. ಲಕ್ಷಕ್ಕೆ ತಕ್ಕಂತೆ ಅಲ್ಪವಿರಾಮ ಹಾಕುವುದಕ್ಕೆ ಒಂದೇ ಸಾಲಿನ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕಿ ಬದಲಿಸುವ ಸೂತ್ರ) ಇದೆ. ಎರಡು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡದ್ದು, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಇದೇ ಪಟ್ಟಿಯನ್ನು ವಾಟ್ಸ್‌ಆ್ಯಪ್‌ಗೂ ಹಾಕಿ ನೋಡಿದೆ. ಮುಂದೆ ಹಿಂದೆ ಮೂರು ಮೂರು ಬ್ಯಾಕ್‌ಟಿಕ್ (```) ಇಟ್ಟರೆ ಅಂಕಿಗಳು ನೇರ ನಿಲ್ಲುತ್ತವೆ. ನನ್ನ ಫೋನಿನಲ್ಲಿ ಮೂವತ್ತು ಅಕ್ಷರದಾಚೆ ಸಾಲು ಮುರಿಯುತ್ತದೆ, ಹಾಗಾಗಿ ಚೀಲದ ಕಾಲಂ ಕಿತ್ತುಹಾಕಿದೆ. ಚೀಲ ಎಷ್ಟು ತಂದೆವೆಂದು ತಂದವರಿಗೆ ಗೊತ್ತೇ ಇರುತ್ತದೆ.

ಈಗ ಎಲ್ಲ ಸೇರಿ ನಾಲ್ಕೈದು ಸೆಕೆಂಡಿನ ಕೆಲಸ, ಖರ್ಚು ಕಾಗದದ್ದು ಮಾತ್ರ. ಮೊನ್ನೆ ಪಕ್ಕದ ಮೇಜಿನ ಹಿರಿಯರು ಪೆನ್‌ಡ್ರೈವ್ ಹಿಡಿದು ಬಂದರು, ಅವರ ಕಾಳುಮೆಣಸಿನ ಪಟ್ಟಿಯೂ ಇದೆಯಂತೆ.